ಡಿಸ್ಟ್ರೋಫಿನ್ ಇಲ್ಲದ ಹೃದಯ

ಹೃದಯ ವೈಫಲ್ಯ ಅಂದಕೂಡಲೇ ಎಲ್ಲರ ಕಣ್ಣೂ ರಕ್ತನಾಳದ ಬ್ಲಾಕ್ ಮೇಲೆ. ಸ್ನಾಯುಕೋಶದ ಪೊರೆಯನ್ನು ಯಾರು ಕೇಳ್ತಾರೆ? ಪೊರೆಯ ಒಳಮೈಗೆ ಅಂಟಿಕೊಂಡ ಡಿಸ್ಟ್ರೋಫಿನ್ ಪ್ರೋಟೀನು ಕೋಶದೊಳಗಿನ ಆಕ್ಟಿನ್ ಎಂಬ ಪ್ರೋಟೀನ್ ಎಳೆಗಳನ್ನು ಪೊರೆಯಲ್ಲಿರುವ ಡಿಸ್ಟ್ರೋಗ್ಲೈಕಾನ್ ಎಂಬ ಕೊಂಡಿಯ ಮೂಲಕ ಹೊರಗಿನ ಆಸರೆ ಪ್ರೋಟೀನಾದ ಲ್ಯಾಮಿನಿನ್‌ಗೆ ಬಿಗಿದಿಡುತ್ತೆ. ಜೀನ್ ದೋಷದಿಂದ ಮೈಯ ಸ್ನಾಯುಗಳು ಕ್ರಮೇಣ ಸೊರಗುವ ಡುಶೇನ್ ಕಾಯಿಲೆಯ ಹುಡುಗರಲ್ಲಿ ಈ ಡಿಸ್ಟ್ರೋಫಿನ್ ಇಲ್ಲ. ಬಡಿತದ ಎಳೆದಾಟಕ್ಕೆ ಪೊರೆ ಸಣ್ಣಗೆ ಹರಿದು ಕ್ಯಾಲ್ಸಿಯಂ ಒಳನುಗ್ಗುತ್ತೆ, ಕೋಶ ಸಾಯುತ್ತೆ, ಆ ಜಾಗದಲ್ಲಿ ಗಾಯದ ಕಲೆಯಂಥ ನಾರು ತುಂಬುತ್ತೆ.

ವೀಲ್‌ಚೇರಲ್ಲಿರುವ ಹುಡುಗ ಓಡಲ್ಲ, ಹಾಗಾಗಿ ಏದುಸಿರೂ ಕಾಣಲ್ಲ. ಮೋಸ ಆಗೋದು ಇಲ್ಲೇ. ಲಕ್ಷಣಕ್ಕೆ ಕಾಯದೆ ವರ್ಷಕ್ಕೊಮ್ಮೆ ಎಕೋ (ಹೃದಯದ ಅಲ್ಟ್ರಾಸೌಂಡ್), ಸಾಧ್ಯವಾದರೆ ಎಂಆರ್‌ಐ. ಪಂಪಿಂಗ್ ಚೆನ್ನಾಗಿದ್ದರೂ 10 ವರ್ಷ ವಯಸ್ಸಿನೊಳಗೆ ಹೃದಯದ ಹೊರೆ ಇಳಿಸುವ ಎಸಿಇ ಇನ್‌ಹಿಬಿಟರ್ ಮಾತ್ರೆ.

ದೋಷದ ಜೀನು ಹೊತ್ತ ತಾಯಂದಿರ ಹೃದಯವೂ ಸೊರಗಬಹುದು. ಮಗನ ಫೈಲ್ ಹಿಡಿದು ಅಲೆಯುವ ಅಮ್ಮನಿಗೂ 3–5 ವರ್ಷಕ್ಕೊಮ್ಮೆ ಒಂದು ಎಕೋ ಬರೆದುಕೊಡಿ ಡಾಕ್ಟ್ರೇ, ಅವರಾಗಿ ಕೇಳಲ್ಲ.