ತುಮಕೂರಿನಿಂದ ಒಂದು ರಾತ್ರಿಯ ರಾಕ್ ಕಛೇರಿಗೆ

ಮೊದಲು ವಾಪಸು ಬರುವ ದಾರಿ ಗೊತ್ತುಮಾಡಿಕೊಳ್ಳಿ, ಆಮೇಲೆ ಟಿಕೆಟ್ ಕೊಳ್ಳಿ. ಬೆಂಗಳೂರಿನಲ್ಲಿ ರಾಕ್ ಕಛೇರಿ ಕೇಳಿ ಅದೇ ರಾತ್ರಿ ತುಮಕೂರಿಗೆ ಮರಳಬೇಕು ಎನ್ನುವವರಿಗೆ ನಾನು ಹೇಳುವ ಮೊದಲ ಮಾತು ಇದು. ಇಂಗ್ಲೆಂಡಿನ ಪಿಂಕ್ ಫ್ಲಾಯ್ಡ್ ರಾಕ್ ತಂಡದಲ್ಲಿದ್ದ ರೋಜರ್ ವಾಟರ್ಸ್ 2002ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ನಾನು ಎಂಜಿನಿಯರಿಂಗ್ ಓದುತ್ತಿದ್ದೆ. ಪಿಂಕ್ ಫ್ಲಾಯ್ಡ್‌ನ ಕ್ಯಾಸೆಟ್‌ಗಳನ್ನು ಟೇಪು ಸವೆಯುವಷ್ಟು ಕೇಳಿದ್ದ ನನಗೂ ನನ್ನ ದೊಡ್ಡಪ್ಪನ ಮಗನಿಗೂ ಹೋಗುವುದೊಂದೇ ಗೊತ್ತಿತ್ತು, ಬರುವುದರ ಯೋಚನೆಯೇ ಇರಲಿಲ್ಲ. ‘ಕಂಫರ್ಟಬ್ಲಿ ನಂಬ್’ ಹಾಡಿನ ಗಿಟಾರು ಕಿವಿಯಲ್ಲಿ ಇನ್ನೂ ಮೊಳಗುತ್ತಿರುವಾಗಲೇ ಮೆಜೆಸ್ಟಿಕ್‌ವರೆಗೆ ನಡೆದು, ನಿಲ್ದಾಣದ ಸಿಮೆಂಟು ಕಟ್ಟೆಯ ಮೇಲೆ ಬೆಳಗಿನವರೆಗೆ ಕುಳಿತಿದ್ದೆವು. ಆ ರಾತ್ರಿಯ ಬಗ್ಗೆ ನನಗೆ ಒಂದಿಷ್ಟೂ ಬೇಸರವಿಲ್ಲ. ಆದರೆ ಈ ಸಲ ಜೊತೆಗಿದ್ದವಳು ಹದಿನಾಲ್ಕರ ಮಗಳು. ಅವಳನ್ನು ಕಟ್ಟೆಯ ಮೇಲೆ ಕೂರಿಸಲಾಗದು.

ಪಿಂಕ್ ಫ್ಲಾಯ್ಡ್ ಹಾಡುಗಳನ್ನು ನುಡಿಸುವ ತಂಡವೊಂದು ಮೇಕ್ರಿ ವೃತ್ತಕ್ಕೆ ಹತ್ತಿರದ ಬಯಲಿನಲ್ಲಿ ಕಾರ್ಯಕ್ರಮ ಇಟ್ಟುಕೊಂಡಿತ್ತು. ಸಂಜೆ ಆರೂವರೆಗೆ ಆರಂಭ. ನಾವು ಮಧ್ಯಾಹ್ನದ ರೈಲನ್ನೇ ಹಿಡಿದೆವು. ಬಸ್ಸೂ ಆಗುತ್ತದೆ, ಆದರೆ ನೆಲಮಂಗಲದಿಂದಾಚೆ ಶನಿವಾರ ಸಂಜೆಯ ವಾಹನಗಳ ಸಾಲನ್ನು ನಂಬಿ ಹೊರಡಬೇಡಿ. ಇನ್ನೊಂದು ಕಾರಣವೂ ಇತ್ತು. ತುಮಕೂರಿನಿಂದ ಯಶವಂತಪುರದವರೆಗಿನ ರೈಲಿನ ಹೊತ್ತು ಒಂದು ಇಡೀ ಆಲ್ಬಂ ಕೇಳಲು ಹೇಳಿ ಮಾಡಿಸಿದಂತಿದೆ. 1973ರ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ಸುಮಾರು 43 ನಿಮಿಷದ್ದು, 1975ರ ‘ವಿಶ್ ಯು ವೇರ್ ಹಿಯರ್’ 44 ನಿಮಿಷದ್ದು. ಹಳೆಯ ಎಲ್‌ಪಿ ತಟ್ಟೆಯ ಒಂದೊಂದು ಮಗ್ಗುಲಲ್ಲಿ ಇಪ್ಪತ್ತು ನಿಮಿಷದ ಆಸುಪಾಸು ಹಿಡಿಯುತ್ತಿದ್ದುದರಿಂದ ಆ ಕಾಲದ ಆಲ್ಬಂಗಳೆಲ್ಲ ಹೆಚ್ಚುಕಡಿಮೆ ಇದೇ ಅಳತೆಯವು.

ಈ ಸಂಗೀತವನ್ನು ಪ್ರಯಾಣದಲ್ಲಿ ಕೇಳುವವರು ಮೂರು ಸಂಗತಿ ನೆನಪಿಡಬೇಕು. ಆಲ್ಬಂ ಮನೆಯಲ್ಲೇ ಮೊಬೈಲಿಗೆ ಇಳಿಸಿಕೊಳ್ಳಿ, ದಾರಿಯಲ್ಲಿ ಸಿಗ್ನಲ್ ಹೋಗಿ ಬಂದು ಮಾಡುತ್ತದೆ. ಹಾಡುಗಳನ್ನು ಕಲಸಿ ನುಡಿಸುವ ಶಫಲ್ ಗುಂಡಿಯನ್ನು ತಪ್ಪದೆ ಆಫ್ ಮಾಡಿ. ಒಂದು ಹಾಡು ಇನ್ನೊಂದರೊಳಕ್ಕೆ ಹರಿದು ಸೇರುವ ಜಾಗವೇ ಇಲ್ಲಿ ಮುಖ್ಯ. ಮೂರನೆಯದು, ಒಂದೇ ಇಯರ್‌ಫೋನನ್ನು ಇಬ್ಬರು ಹಂಚಿಕೊಳ್ಳಬೇಡಿ. ಎಡಗಿವಿಯಿಂದ ಬಲಗಿವಿಗೆ ಶಬ್ದ ಓಡಾಡುವಂತೆ ಕಟ್ಟಿದ ಸಂಗೀತವಿದು, ಅರ್ಧ ಕಿವಿಗೆ ಅರ್ಧವೇ ಸಿಗುತ್ತದೆ. ತಂತಿಯಿರುವ ಎರಡು ಹೆಡ್‌ಫೋನ್‌ಗಳನ್ನು ಒಂದೇ ಮೊಬೈಲಿಗೆ ಸೇರಿಸುವ ಸಣ್ಣ ಕವಲು ವಯರು ಅಂಗಡಿಗಳಲ್ಲಿ ಸಿಗುತ್ತದೆ. ನಮ್ಮ ಪ್ರಯಾಣವನ್ನು ಉಳಿಸಿದ್ದು ಅದೇ.

ಮಗಳು ಐದು ವರ್ಷದಿಂದ ಮೃದಂಗ ಕಲಿಯುತ್ತಿದ್ದಾಳೆ. ರಾಕ್ ಎಂದರೆ ಗದ್ದಲ ಎಂಬ ಅಭಿಪ್ರಾಯವಿಟ್ಟುಕೊಂಡೇ ಹೊರಟಿದ್ದಳು. ಕ್ಯಾತ್ಸಂದ್ರ ದಾಟಿತು, ಹಿರೇಹಳ್ಳಿ ದಾಟಿತು, ಅವಳು ಕಿಟಕಿಯಾಚೆ ನೋಡುತ್ತಿದ್ದಳು. ದಾಬಸ್‌ಪೇಟೆ ಆದಮೇಲೆ, ಬಲಗಡೆ ಶಿವಗಂಗೆ ಬೆಟ್ಟ ಕಾಣುವ ಹೊತ್ತಿಗೆ ‘ಡಾರ್ಕ್ ಸೈಡ್’ ಆಲ್ಬಮ್ಮಿನ ‘ಮನಿ’ ಹಾಡು ಶುರುವಾಯಿತು. ನಾಣ್ಯಗಳ ಸದ್ದು, ಗಲ್ಲಾಪೆಟ್ಟಿಗೆಯ ಸದ್ದು, ಕಾಗದ ಹರಿಯುವ ಸದ್ದು, ಒಂದರ ಹಿಂದೆ ಒಂದು ಸುತ್ತುತ್ತವೆ. ನೋಡುತ್ತಿದ್ದಂತೆ ಅವಳ ಬಲಗೈ ತೊಡೆಯ ಮೇಲೆ ಬಿತ್ತು. ತಕಿಟ ತಕಧಿಮಿ, ತಕಿಟ ತಕಧಿಮಿ.

“ಅಪ್ಪಾ, ಇದು ಏಳು! ಮಿಶ್ರ ಛಾಪು!”

ಹೌದು, ಏಳೇ. ಏಳು ಎಣಿಕೆಗೆ ಒಂದು ಸುತ್ತು ಮುಗಿಯುವ ತಾಳ ಅದು. ಸ್ಯಾಕ್ಸೊಫೋನ್ ಮುಗಿಯುವವರೆಗೂ ಅವಳು ತಾಳ ಬಿಡಲಿಲ್ಲ. ಗಿಟಾರು ಬಂದಕೂಡಲೇ ಕೈ ತಡವರಿಸಿ ನಿಂತಿತು. ಅಲ್ಲಿ ಲೆಕ್ಕ ನಾಲ್ಕಕ್ಕೆ ಹೊರಳುತ್ತದೆ. ‘ಮತ್ತೆ ಹಾಕಿ’ ಎಂದಳು. ಮತ್ತೆ ಹಾಕಿದೆ. ದೊಡ್ಡಬೆಲೆ ನಿಲ್ದಾಣ ಬರುವಷ್ಟರಲ್ಲಿ ಆ ತಿರುವನ್ನು ಹಿಡಿದಿದ್ದಳು. ಇಪ್ಪತ್ತು ವರ್ಷದಿಂದ ಈ ಹಾಡು ಕೇಳುತ್ತಿದ್ದೇನೆ, ಆದರೆ ಅದರೊಳಗೆ ನಮ್ಮ ತಾಳವೊಂದು ಕುಳಿತಿದೆ ಎಂದು ನನಗೆ ಅಂದು ಮೊದಲ ಬಾರಿಗೆ ಕಿವಿಗೆ ಬಿತ್ತು.

ಹೊರಡುವ ಮೊದಲು ಹೊಟ್ಟೆ ತುಂಬ ತಿನ್ನಿ. ನಾವು ತಟ್ಟೆ ಇಡ್ಲಿ ತಿಂದೇ ರೈಲು ಹತ್ತಿದ್ದು. ಮೈದಾನದೊಳಗೆ ತಿಂಡಿಯ ಬೆಲೆ ಎರಡು ಮೂರು ಪಟ್ಟು, ಸಾಲೂ ಉದ್ದ. ನೀರಿನ ಬಾಟಲಿಯನ್ನು ಬಾಗಿಲಲ್ಲೇ ಬಿಡಿಸಿಕೊಳ್ಳುತ್ತಾರೆ, ಹಾಗಾಗಿ ಸ್ಟೀಲ್ ಬಾಟಲಿ ಒಯ್ಯಬೇಡಿ. ಟಿಕೆಟಿನ ಕ್ಯೂಆರ್ ಚಿತ್ರವನ್ನು ಮೊಬೈಲಿನಲ್ಲಿ ಉಳಿಸಿಟ್ಟುಕೊಳ್ಳಿ. ಸಾವಿರಾರು ಜನ ಸೇರಿದಲ್ಲಿ ಇಂಟರ್‌ನೆಟ್ ಸಿಗುವುದಿಲ್ಲ. ಮಕ್ಕಳಿದ್ದರೆ ಕಿವಿಗೆ ಇಡುವ ಮೆತ್ತನೆಯ ಬಿರಡೆ ಖಂಡಿತ ಬೇಕು.

ನಿಲ್ಲುವ ಜಾಗದ ಬಗ್ಗೆ ಒಂದು ಮಾತು. ವೇದಿಕೆಗೆ ಅಂಟಿಕೊಂಡು ನಿಲ್ಲಲು ಎಲ್ಲರೂ ನುಗ್ಗುತ್ತಾರೆ. 2002ರಲ್ಲಿ ನಾವೂ ಹಾಗೆಯೇ ನುಗ್ಗಿ, ಒಂದು ಬದಿಯ ಸ್ಪೀಕರಿನ ಎದುರು ಸಿಕ್ಕಿಹಾಕಿಕೊಂಡು, ಕೀಬೋರ್ಡನ್ನು ಕೇಳಿಸಿಕೊಳ್ಳಲೇ ಇಲ್ಲ. ಮೈದಾನದ ನಡುವೆ ಧ್ವನಿ ಹೊಂದಿಸುವವರು ಕೂರುವ ಚಪ್ಪರ ಇರುತ್ತದೆ. ಅದರ ಮುಂದೆ ನಿಲ್ಲಿ. ಅವರು ತಮ್ಮ ಕಿವಿಗೆ ಸರಿ ಕಂಡಂತೆ ಹೊಂದಿಸಿದ್ದು ಅಲ್ಲೇ ಸರಿಯಾಗಿ ಕೇಳುತ್ತದೆ. ‘ಶೈನ್ ಆನ್ ಯು ಕ್ರೇಜಿ ಡೈಮಂಡ್’ ಆರಂಭದ ಕೀಬೋರ್ಡ್ ಮಂಜಿನ ಹಾಗೆ ಹರಡಿಕೊಂಡು, ಸುಮಾರು ನಾಲ್ಕು ನಿಮಿಷದ ಬಳಿಕ ಗಿಟಾರಿನ ಆ ನಾಲ್ಕು ಸ್ವರ ಬಿದ್ದಾಗ ಇಡೀ ಮೈದಾನ ಉಸಿರು ಬಿಗಿಹಿಡಿದಿತ್ತು. ತಂಡದ ಹಳೆಯ ಗೆಳೆಯ ಸಿಡ್ ಬ್ಯಾರೆಟ್‌ಗಾಗಿ ಕಟ್ಟಿದ ಹಾಡು ಅದು. 1975ರ ಜೂನ್‌ನಲ್ಲಿ ಅದರ ಕೆಲಸ ನಡೆಯುತ್ತಿದ್ದಾಗ ಬ್ಯಾರೆಟ್ ತಾನಾಗಿಯೇ ಸ್ಟುಡಿಯೊಗೆ ಬಂದಿದ್ದ. ತಲೆ, ಹುಬ್ಬು ಎರಡನ್ನೂ ಬೋಳಿಸಿಕೊಂಡು ದಪ್ಪಗಾಗಿದ್ದ ಅವನನ್ನು ಗೆಳೆಯರೇ ಗುರುತಿಸಲಿಲ್ಲ. ಇದನ್ನು ಮಗಳಿಗೆ ರೈಲಿನಲ್ಲೇ ಹೇಳಿದ್ದೆ. ನಾಲ್ಕು ಸ್ವರ ಬಂದಾಗ ಅವಳು ನನ್ನ ತೋಳು ಹಿಡಿದುಕೊಂಡಳು.

ಇನ್ನು ವಾಪಸಿನ ದಾರಿ. ರಾತ್ರಿ ಹತ್ತರ ನಂತರ ಧ್ವನಿವರ್ಧಕಕ್ಕೆ ನಿರ್ಬಂಧವಿರುವುದರಿಂದ ಬಯಲಿನ ಕಾರ್ಯಕ್ರಮಗಳು ಸಾಮಾನ್ಯವಾಗಿ ಅಷ್ಟರಲ್ಲಿ ಮುಗಿಯುತ್ತವೆ. ಇದು ನಮ್ಮಂಥ ಹೊರ ಊರಿನವರ ಪಾಲಿಗೆ ವರ. ಬಾಗಿಲೆದುರಿನ ಆಟೊಗಳು ಬಾಯಿಗೆ ಬಂದ ಬೆಲೆ ಹೇಳುತ್ತವೆ. ಹತ್ತು ನಿಮಿಷ ನಡೆದು ಮುಖ್ಯರಸ್ತೆಯಲ್ಲಿ ಹಿಡಿಯಿರಿ. ಮೆಜೆಸ್ಟಿಕ್‌ಗೆ ಹೋಗುವುದು ಬೇಡ, ನೇರ ಗೊರಗುಂಟೆಪಾಳ್ಯಕ್ಕೆ ಬನ್ನಿ. ಶಿವಮೊಗ್ಗ, ದಾವಣಗೆರೆ, ಹುಬ್ಬಳ್ಳಿ ಕಡೆಯ ಬಸ್ಸುಗಳು ಆ ದಾರಿಯಲ್ಲೇ ಸಾಗುತ್ತವೆ. ಹತ್ತುವ ಮುನ್ನ ನಿರ್ವಾಹಕರನ್ನು ಕೇಳಿ: ಬಸ್ಸು ಊರೊಳಗೆ ಹೋಗುತ್ತದೆಯೋ, ಬೈಪಾಸಿನಲ್ಲಿ ಹೋಗುತ್ತದೆಯೋ? ಬೈಪಾಸಿನದಾದರೆ ಕ್ಯಾತ್ಸಂದ್ರದಲ್ಲಿ ಇಳಿಸುವರೇ ಎಂದು ಮೊದಲೇ ಖಚಿತಪಡಿಸಿಕೊಂಡು, ಅಲ್ಲಿಗೆ ಬೈಕು ತರುವಂತೆ ಯಾರಿಗಾದರೂ ಹೇಳಿಡಿ. ಕಾರ್ಯಕ್ರಮ ಮಾದಾವರದ ಮೈದಾನಗಳಲ್ಲಿದ್ದರೆ ಕೆಲಸ ಇನ್ನೂ ಹಗುರ, ಅದು ತುಮಕೂರು ರಸ್ತೆಯ ಮೇಲೆಯೇ ಇದೆ. 2024ರ ನವೆಂಬರ್‌ನಿಂದ ಮೆಟ್ರೊ ಅಲ್ಲಿಯವರೆಗೂ ಬಂದಿದೆ.

ರಾತ್ರಿಯ ಬಸ್ಸಿಗೆ ನಾನು ಆರಿಸಿಟ್ಟಿದ್ದು ಕ್ಯಾಮೆಲ್ ತಂಡದ 1975ರ ‘ದಿ ಸ್ನೋ ಗೂಸ್’. ಅದರಲ್ಲಿ ಸಾಹಿತ್ಯವಿಲ್ಲ, ಕೊಳಲು, ಕೀಬೋರ್ಡು, ಗಿಟಾರುಗಳೇ ಕಥೆ ಹೇಳುತ್ತವೆ. ದೊಡ್ಡ ಸದ್ದು ಕೇಳಿ ದಣಿದ ಕಿವಿಗೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಧ್ವನಿ ಮಾತ್ರ ಬಹಳ ಸಣ್ಣದಾಗಿಟ್ಟುಕೊಳ್ಳಿ. ನೆಲಮಂಗಲ ದಾಟುವಷ್ಟರಲ್ಲಿ ಮಗಳು ಕಿಟಕಿಗೆ ತಲೆಯಾನಿಸಿ ನಿದ್ದೆಹೋಗಿದ್ದಳು. ತುಮಕೂರಿನ ಬಟವಾಡಿಯಲ್ಲಿ ಎಬ್ಬಿಸಿದೆ. ಇಳಿದು ಮನೆಯ ಕಡೆ ನಡೆಯುತ್ತ, ಅರೆನಿದ್ದೆಯಲ್ಲೇ, “ನಾಳೆ ಮೇಷ್ಟ್ರಿಗೆ ಆ ಏಳು ಕೇಳಿಸಬೇಕು ಅಪ್ಪಾ, ಹೆಡ್‌ಫೋನು ಎರಡೂ ಬೇಕು” ಎಂದಳು.