ಮೆದುಳಿನ ಇಮ್ಯುನಿಟಿ ಜಾಸ್ತಿಯಾಗೋಕೆ ಏನು ತಿನ್ನಬೇಕು?

ಏನೂ ತಿನ್ನಬೇಡಿ. ಊಟ ಮಾಡಿ, ಆದರೆ ಅದಕ್ಕೆಂದೇ ಏನನ್ನೂ ಕೊಂಡು ತಿನ್ನಬೇಡಿ.

ಮೆದುಳಿನ ರೋಗನಿರೋಧಕ ಕೋಶಗಳ ಮೇಲೆ ಕೆಲಸ ಮಾಡ್ತೀನಿ ಅಂತ ಬಾಯಿಬಿಟ್ಟ ಕಡೆಯೆಲ್ಲ ನನಗೆ ಎದುರಾಗುವುದು ಇದೊಂದೇ ಪ್ರಶ್ನೆ. ಕೋವಿಡ್ ಬಂದುಹೋದ ಮೇಲಂತೂ ಇಮ್ಯುನಿಟಿ ಅಂದರೆ ಮೊಬೈಲ್ ಚಾರ್ಜಿನ ಹಾಗೆ, ತುಂಬಿದಷ್ಟೂ ಒಳ್ಳೆಯದು ಎಂದು ಎಲ್ಲರೂ ನಂಬಿಬಿಟ್ಟಿದ್ದಾರೆ. ನನ್ನ ತಕರಾರು ಇರುವುದೇ ಆ 'ಜಾಸ್ತಿ' ಎಂಬ ಮಾತಿನ ಮೇಲೆ.

ಈ ಕೋಶಗಳ ಹೆಸರು ಮೈಕ್ರೋಗ್ಲಿಯಾ. 1919ರಲ್ಲಿ ಸ್ಪೇನಿನ ಪಿಯೋ ದೆಲ್ ರಿಯೋ ಒರ್ತೇಗಾ ಇವುಗಳಿಗೆ ಆ ಹೆಸರಿಟ್ಟರು. ನಾವಿನ್ನೂ ಕೆಲವೇ ವಾರಗಳ ಭ್ರೂಣವಾಗಿರುವಾಗಲೇ ಮೆದುಳಿಗೆ ಬಂದು ನೆಲೆಸುತ್ತವೆ. ಬಂದ ಮೇಲೆ ಸುಮ್ಮನೆ ಕೂರುವ ಪೈಕಿಯಲ್ಲ. ಎಳೆಎಳೆಯಾದ ಕೈಗಳನ್ನು ಚಾಚಿ ಸುತ್ತಮುತ್ತ ತಡವುತ್ತಲೇ ಇರುತ್ತವೆ, ಸತ್ತ ಕೋಶಗಳನ್ನು ನುಂಗುತ್ತವೆ. ಬೆಳೆಯುವ ಮಗುವಿನ ಮೆದುಳಿನಲ್ಲಿ ಬೇಡದ ನರಸಂಪರ್ಕಗಳನ್ನು ಗಿಡ ಸವರಿದಂತೆ ಸವರುತ್ತವೆ.

ಈಗ ತೊಡಕು ನೋಡಿ. ಟ್ರೆಮ್-2 ಎಂಬ ಜೀನಿನ ಒಂದು ಬಗೆಯ ದೋಷ ಇದ್ದವರಿಗೆ ಮರೆವಿನ ಕಾಯಿಲೆಯಾದ ಅಲ್ಜೈಮರ್ಸ್ ಬರುವ ಅಪಾಯ ಸುಮಾರು 2ರಿಂದ 4 ಪಟ್ಟು ಹೆಚ್ಚು ಎಂದು 2013ರಲ್ಲಿ ಗೊತ್ತಾಯಿತು. ಅಂಥವರ ಮೈಕ್ರೋಗ್ಲಿಯಾಗೆ ಅಮಿಲಾಯ್ಡ್ ಪ್ಲೇಕ್‌ಗಳನ್ನು, ಅಂದರೆ ಈ ರೋಗದಲ್ಲಿ ಮೆದುಳಿನೊಳಗೆ ಕಟ್ಟುವ ಪ್ರೋಟೀನಿನ ಗಂಟುಗಳನ್ನು, ಸರಿಯಾಗಿ ಮುತ್ತಿ ಕಟ್ಟಿಹಾಕಲು ಆಗುವುದಿಲ್ಲ. ಹಾಗಾದರೆ ಹುರುಪು ಬೇಕು ಅಂದಿರಾ? 2016ರಲ್ಲಿ ಇಲಿಗಳಲ್ಲಿ ಕಂಡದ್ದು ಉಲ್ಟಾ: ಪ್ಲೇಕ್ ಕಟ್ಟುವ ಮೊದಲೇ ಇವೇ ಕೋಶಗಳು ಉಳಿಯಬೇಕಾದ ನರಸಂಪರ್ಕಗಳನ್ನೂ ತಿನ್ನತೊಡಗಿದ್ದವು. ಸರಿ, ಅಡಗಿಸೋಣ ಅಂತ ಉರಿಯೂತ ಇಳಿಸುವ ನೋವಿನ ಮಾತ್ರೆಗಳನ್ನು ವಯಸ್ಸಾದವರಿಗೆ ಕೊಟ್ಟೂ ನೋಡಿದ್ದಾಯಿತು. ಆ ಮಾತ್ರೆಗಳು ರೋಗವನ್ನು ತಡೆಯಲಿಲ್ಲ. ಒಂದೇ ಕೋಶ ಒಂದು ಹೊತ್ತಿನಲ್ಲಿ ಕಾಯುತ್ತದೆ, ಇನ್ನೊಂದು ಹೊತ್ತಿನಲ್ಲಿ ಕೆಡಿಸುತ್ತದೆ. ಇಂಥದ್ದನ್ನು 'ಜಾಸ್ತಿ' ಮಾಡುವುದು ಅಂದರೆ ಏನು?

ಕಳೆದ ವರ್ಷ ಚಾಮರಾಜಪೇಟೆಯಲ್ಲಿ ಒಂದು ನಾಮಕರಣ. ಪಂಕ್ತಿಯಲ್ಲಿ ಪಕ್ಕ ಕೂತವರು ಅದೇ ಪ್ರಶ್ನೆ ಎತ್ತಿದರು. ನಾನು ಬಾಯಿ ತೆರೆಯುವ ಮೊದಲೇ ಎದುರು ಸಾಲಿನಿಂದ ಅರಿಶಿನದ ಹಾಲು ಬಂತು, ಆಚೆಯಿಂದ ಒಂದೆಲಗ ಬಂತು. ಒಂದೆಲಗದ ತಂಬುಳಿ ನನಗೂ ಪ್ರಾಣ. ಆದರೆ ಅದು ಮನುಷ್ಯರಲ್ಲಿ ಅಲ್ಜೈಮರ್ಸ್ ತಡೆಯುತ್ತದೆ ಎಂದು ಸಾಬೀತಾಗಿಲ್ಲ ಅಂದೆ. ಬಿಪಿ, ಶುಗರ್ ಹತೋಟಿಯಲ್ಲಿಡಿ, ನಡೀರಿ, ಕಿವಿ ಮಂದವಾಗಿದ್ದರೆ ಶ್ರವಣಯಂತ್ರ ಹಾಕಿಸಿಕೊಳ್ಳಿ ಅಂದೆ. ಯಾರಿಗೂ ರುಚಿಸಲಿಲ್ಲ. "ಇಷ್ಟು ಓದಿ ಇದನ್ನಾ ಹೇಳೋದು?" ಅಂದರು. ಹೌದು, ಇದನ್ನೇ. ಬದುಕಿನಲ್ಲಿ ಮಾಡಬಹುದಾದದ್ದನ್ನು ಹೇಳಿದ್ದಕ್ಕೆ ನನಗೆ ನಾಚಿಕೆ ಇಲ್ಲ.

ಕೈತೊಳೆಯುವ ಕಡೆ ಒಬ್ಬ ಹಿರಿಯ ಹೆಂಗಸು ಕಾಯುತ್ತಿದ್ದರು. ನಲ್ಲಿ ನಿಲ್ಲಿಸಿ ಮೆಲ್ಲಗೆ ಕೇಳಿದರು: "ನಮ್ಮನೆಯವರಿಗೆ ಇದು ಯಾವಾಗ ಶುರುವಾಯ್ತಮ್ಮಾ? ಅರವತ್ತಕ್ಕೆ ಅರಳುಮರಳು ಅಂತ ನಾನೂ ಸುಮ್ಮನಿದ್ದುಬಿಟ್ಟೆ. ಬೇಗ ಗಮನಿಸಿದ್ದಿದ್ರೆ..."

ಇಷ್ಟು ವರ್ಷ ನಾನು ಕಾದದ್ದು ಈ ಪ್ರಶ್ನೆಗೆ. ಏನು ಅಲ್ಲ, ಯಾವಾಗ? ನಮ್ಮ ಲ್ಯಾಬಿನಲ್ಲೂ ನಾವು ತಲೆ ಕೆಡಿಸಿಕೊಂಡಿರುವುದು ಇದಕ್ಕೇ: ಕಾಯುತ್ತಿದ್ದ ಕೋಶ ಯಾವ ಗಳಿಗೆಯಲ್ಲಿ ತಿರುಗಿಬೀಳುತ್ತದೆ? ಅವರಿಗೆ ಹೇಳಿದೆ: "ಅಮ್ಮ, ಮರೆವು ಕಾಣಿಸೋಕೆ 15-20 ವರ್ಷ ಮೊದಲೇ ಪ್ಲೇಕ್ ಕಟ್ಟೋಕೆ ಶುರುವಾಗಿರುತ್ತೆ. ಒಳಗೆ ಆ ಕೋಶಗಳು ಅಷ್ಟೂ ದಿನ ಅದರ ಜೊತೆ ಗುದ್ದಾಡ್ತಾನೇ ಇರ್ತವೆ. ಹೊರಗೆ ಏನೂ ಕಾಣಲ್ಲ."

ಅವರು ಬೆರಳು ಮಡಚಿ ಎಣಿಸಿದರು.

"ಇಪ್ಪತ್ತು ವರ್ಷ ಅಂದ್ರೆ ನಾವು ವಿದ್ಯಾರಣ್ಯಪುರದ ಮನೆ ಕಟ್ಟಿಸ್ತಿದ್ದಾಗ. ಸಿಮೆಂಟು, ಕಬ್ಬಿಣ, ಮೇಸ್ತ್ರಿ ಕೂಲಿ, ಅಷ್ಟೂ ಲೆಕ್ಕ ಇವರ ಬಾಯಲ್ಲೇ ಇರ್ತಿತ್ತು. ಆಗ ಯಾರಿಗಮ್ಮಾ ಗೊತ್ತಾಗ್ಬೇಕು?"