ಇಷ್ಟೆಲ್ಲ ಓದಿ ಏನ್ ಮಾಡ್ತೀಯಾ?

ಕೇಳುವವರು ಬೇರೆ ಬೇರೆ, ಪ್ರಶ್ನೆ ಮಾತ್ರ ಒಂದೇ. "ಬಿ.ಕಾಂ. ಆಗಿದೆ, ಕೈಯಲ್ಲಿ ಕೆಲಸ ಇದೆ. ಈಗ ಶಾಸನ, ಕಲ್ಲು, ಗಿಡ ಅಂತ ಇಷ್ಟೆಲ್ಲ ಓದಿ ಏನ್ ಮಾಡ್ತೀಯಾ?" ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಏನೂ ಮಾಡಲ್ಲ. ಓದುತ್ತೇನೆ, ಅಷ್ಟೇ. ಹೊಸದಾಗಿ ಪ್ರೀತಿ ಶುರುವಾದವರಿಗೆ ಊಟ ನಿದ್ದೆ ಬೇಡವಾಗುತ್ತದಲ್ಲ, ಹೊಸ ವಿಷಯದ ಮೊದಲ ಪುಸ್ತಕ ಕೈಗೆ ಬಂದಾಗ ನನಗೂ ಹಾಗೇ ಆಗುತ್ತದೆ.

ನನಗೆ ಸಿಟ್ಟು ಬರುವುದು ಪ್ರಶ್ನೆ ಕೇಳುವ ರೀತಿಗೆ. ಒಂದು ಮದುವೆ ಊಟದಲ್ಲಿ ಪಕ್ಕದ ಎಲೆಗೆ ಕೂತಿದ್ದ ನೆಂಟರೊಬ್ಬರು, "ಏನಮ್ಮಾ, ಈ ಸಲ ಯಾವ ಕೋರ್ಸು?" ಅಂದರು. ಶಾಸನಶಾಸ್ತ್ರ ಅಂದೆ. "ಅದರಿಂದ ಪ್ರಮೋಷನ್ ಸಿಗುತ್ತಾ?" ಇಲ್ಲ ಅಂದೆ. "ಮತ್ತೆ ಸುಮ್ನೆ ಯಾಕಮ್ಮಾ? ಮನೆ ಕಡೆ ನೋಡ್ಕೋ" ಅಂದು ಹೋಳಿಗೆಗೆ ತುಪ್ಪ ಹಾಕಿಸಿಕೊಂಡರು. ಅವರು ಒಂದು ಮ್ಯಾಚೂ ಬಿಡದೆ ಕ್ರಿಕೆಟ್ ನೋಡುತ್ತಾರೆ. ಅದರಿಂದ ಏನು ಸಿಕ್ಕಿತು ಅಂತ ನಾನು ಯಾವತ್ತೂ ಕೇಳಿಲ್ಲ, ಕೇಳುವುದೂ ಇಲ್ಲ. ಇಷ್ಟ, ನೋಡುತ್ತಾರೆ. ಆಟಕ್ಕೆ ಅಷ್ಟು ಕಾರಣ ಸಾಕು ಅಂದಮೇಲೆ ಓದಿಗೆ ಯಾಕೆ ಸಾಲದು?

"ಒಂದರಲ್ಲೂ ನೆಟ್ಟಗೆ ನಿಲ್ಲಲ್ಲ ನೀನು" ಅನ್ನುವವರೂ ಇದ್ದಾರೆ. ಇದನ್ನಂತೂ ನಾನು ಒಪ್ಪಲ್ಲ. ಒಂದು ವಿಷಯವೇ ನನ್ನ ಕೈಹಿಡಿದು ಇನ್ನೊಂದರ ಮನೆಗೆ ಬಿಟ್ಟು ಬಂದಿದೆ.

ಶಾಸನದ ತರಗತಿಯಲ್ಲಿ ಮೇಷ್ಟ್ರು ಒಂದು ದಿನ ಪಡಿಯಚ್ಚು ಹರಡಿದರು. ಒದ್ದೆ ಕಾಗದವನ್ನು ಕಲ್ಲಿನ ಮೇಲಿಟ್ಟು, ಬ್ರಷ್‌ನಿಂದ ಬಡಿದು ಕೂರಿಸಿ, ಮೇಲೆ ಮಸಿ ಒತ್ತುತ್ತಾರೆ. ಕೆತ್ತಿದ ಜಾಗಕ್ಕೆ ಮಸಿ ತಾಗುವುದಿಲ್ಲ, ಹಾಗಾಗಿ ಕಪ್ಪಿನ ನಡುವೆ ಅಕ್ಷರ ಬೆಳ್ಳಗೆ ಉಳಿಯುತ್ತದೆ. ಹಳಗನ್ನಡ ಲಿಪಿ, ಒಂದೊಂದೇ ಅಕ್ಷರ ಕೂಡಿಸಿ ಓದಬೇಕು. ಆವತ್ತು ಓದಿದ್ದು ಬೇಗೂರಿನ ನಾಗೇಶ್ವರ ದೇವಸ್ಥಾನದ ಶಾಸನ. ಗಂಗರ ಕಾಲದ್ದು, ಕ್ರಿ.ಶ. 890ರ ಸುಮಾರಿನದು. ಬೆಂಗಳೂರಿನ ಕಾಳಗದಲ್ಲಿ ನಾಗತ್ತರನ ಮಗ ಬುಟ್ಟಣ ಶೆಟ್ಟಿ ಸತ್ತ ಅನ್ನುವ ಸುದ್ದಿ ಅದರಲ್ಲಿದೆ. ಕೆಂಪೇಗೌಡರು ಕೋಟೆ ಕಟ್ಟಿದ್ದು 1537ರಲ್ಲಿ ಅಂತ ಶಾಲೆಯಲ್ಲಿ ಓದಿದ್ದೆವು. ಅದಕ್ಕೂ ಆರುನೂರು ವರ್ಷಕ್ಕಿಂತ ಹಿಂದೆಯೇ ನಮ್ಮೂರಿನ ಹೆಸರು ಕಲ್ಲಿನಲ್ಲಿ ಕೂತಿತ್ತು. ಅದನ್ನು ನನ್ನ ಬಾಯಿಂದಲೇ ಓದಿದಾಗ ಮೈ ಜುಮ್ಮೆಂದಿತು. ಮಗನನ್ನು ಕಳೆದುಕೊಂಡ ಆ ಅಪ್ಪನನ್ನು ಇವತ್ತಿಗೂ ಮರೆಯಲು ಆಗಿಲ್ಲ.

ಅಕ್ಷರ ಓದಿ ಮುಗಿದ ಮೇಲೆ ಕಲ್ಲಿನ ಮೇಲೆ ಕಣ್ಣು ಬಿತ್ತು. ನಮ್ಮೂರಿನ ಕಲ್ಲು ಹುಟ್ಟಿದ್ದು ಯಾವಾಗ? ಹಾಗೆ ಭೂವಿಜ್ಞಾನ ಬಂತು. ಲಾಲ್‌ಬಾಗ್ ಬಂಡೆಯ ಮೇಲೆ ನಾವೆಲ್ಲ ಕೂತು ಕಡ್ಲೆಕಾಯಿ ತಿಂದವರೇ. ಅದಕ್ಕೆ ಸುಮಾರು 300 ಕೋಟಿ ವರ್ಷ. ಆ ಜಾತಿಯ ಕಲ್ಲಿಗೆ ಪೆನಿನ್ಸುಲಾರ್ ನೈಸ್ ಅನ್ನುವ ಹೆಸರು ಕೊಟ್ಟವರು ಮೈಸೂರು ಭೂವಿಜ್ಞಾನ ಇಲಾಖೆಯ ಡಬ್ಲ್ಯು. ಎಫ್. ಸ್ಮೀತ್, 1916ರಲ್ಲಿ. ಹತ್ತಿರದಿಂದ ನೋಡಿದರೆ ಕಪ್ಪು-ಬಿಳಿ ಪಟ್ಟೆಗಳು ಬಳುಕಿಕೊಂಡು ಹೋಗಿರುವುದು ಕಾಣುತ್ತದೆ. ಭೂಮಿಯ ಆಳದಲ್ಲಿ ಕಾವು, ಒತ್ತಡಕ್ಕೆ ಸಿಕ್ಕಿ ಬಾಗಿದ ಕಲ್ಲು ಅದು. ಆಗ ಭೂಮಿಯ ಮೇಲೆ ಒಂದು ಹುಲ್ಲುಕಡ್ಡಿಯೂ ಇರಲಿಲ್ಲ. ಈಗ ಅಲ್ಲಿಗೆ ಹೋದರೆ ಆ ಪಟ್ಟೆಗಳ ಮೇಲೆ ಕೈಯಾಡಿಸದೆ ವಾಪಸ್ ಬರುವುದಿಲ್ಲ.

"ಏನ್ ಮಾಡ್ತೀಯಾ" ಅನ್ನುವ ಬದಲು "ಈಗ ಏನು ಓದುತ್ತಿದ್ದೀಯಾ, ನನಗೂ ಸ್ವಲ್ಪ ಹೇಳು" ಅಂತ ಯಾರಾದರೂ ಕೇಳಬಾರದಾ? ಕೇಳಿದರೆ ಅತ್ತಿ ಹಣ್ಣಿನ ಕತೆ ಹೇಳುತ್ತೇನೆ.

ಅತ್ತಿ ಹಣ್ಣು ಬಿಡಿಸಿದರೆ ಹುಳ ಅಂತ ಮೂಗು ಮುರಿಯುತ್ತೇವೆ ಅಲ್ವಾ? ಅದರೊಳಗೆ ಇರುವುದೆಲ್ಲ ಹೂವು, ಒಳಮುಖವಾಗಿ ಅರಳಿದ ಪುಟ್ಟ ಪುಟ್ಟ ಹೂವು. ಆ ಹುಳ ಒಂದು ಸಣ್ಣ ಕಣಜ. ಹೆಣ್ಣು ಕಣಜ ತುದಿಯ ತೂತಿನಿಂದ ನುಸುಳುತ್ತದೆ. ದಾರಿ ಎಷ್ಟು ಇಕ್ಕಟ್ಟು ಅಂದರೆ ರೆಕ್ಕೆ ಕಿತ್ತುಹೋಗುತ್ತದೆ. ಒಳಗೆ ಪರಾಗ ಮುಟ್ಟಿಸಿ, ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ಮರಿಗಳಲ್ಲಿ ಗಂಡಿಗೆ ರೆಕ್ಕೆಯೇ ಇಲ್ಲ. ಗಂಡುಗಳು ತಾವು ಬೆಳೆದ ಹೂವಿನಿಂದ ಮೊದಲು ಹೊರಬಂದು, ಹಣ್ಣಿನೊಳಗೇ ಹೆಣ್ಣುಗಳ ಜೊತೆ ಕೂಡಿ, ಹೆಣ್ಣುಗಳು ಹೊರಗೆ ಹೋಗಲೆಂದು ಹಣ್ಣಿನ ಗೋಡೆ ಕೊರೆದು ಸಾಯುತ್ತವೆ. ಹೆಣ್ಣುಗಳು ಪರಾಗ ಹೊತ್ತು ಇನ್ನೊಂದು ಅತ್ತಿ ಮರ ಹುಡುಕಿಕೊಂಡು ಹಾರುತ್ತವೆ. ಕಣಜ ಇಲ್ಲದೆ ಅತ್ತಿಗೆ ಬೀಜ ಕಟ್ಟಲ್ಲ, ಅತ್ತಿ ಇಲ್ಲದೆ ಕಣಜಕ್ಕೆ ಮರಿಯಿಲ್ಲ. ಇದಕ್ಕಿಂತ ದೊಡ್ಡ ಪ್ರೇಮಕತೆ ಯಾರಿಗಾದರೂ ಗೊತ್ತಿದ್ದರೆ ಹೇಳಲಿ.

ಅಷ್ಟು ಸಣ್ಣ ಜೀವಕ್ಕೆ ದೂರದ ಮರ ಗೊತ್ತಾಗುವುದು ಹೇಗೆ? ವಾಸನೆಯಿಂದ. ಒಳಗಿನ ಹೂವು ತಯಾರಾದಾಗ ಮರ ತನ್ನದೇ ಒಂದು ವಾಸನೆ ಬಿಡುತ್ತದೆ, ಅದರ ಜಾಡು ಹಿಡಿದು ಕಣಜ ಬರುತ್ತದೆ. ಆ ವಾಸನೆಯೊಳಗೆ ಏನೇನಿದೆ ಅಂತ ತಿಳಿಯಬೇಕಾದರೆ ಕೆಮಿಸ್ಟ್ರಿ ಬೇಕು. ನಾನು ಪಿಯುಸಿಯಲ್ಲಿ ಕಾಮರ್ಸ್ ತೆಗೆದುಕೊಂಡವಳು. ನಿಮ್ಮಲ್ಲಿ ಯಾರಾದರೂ ಕೆಮಿಸ್ಟ್ರಿ ಓದಿದವರಿದ್ದರೆ, ಎಲ್ಲಿಂದ ಶುರು ಮಾಡಲಿ ಅಂತ ಹೇಳಿ.